ಲಿಸ್ಟಲ್ಲಿ ಮಂಡಿ ಮೊದಲು, ಪುಸ್ತಕ ಆಮೇಲೆ

ಎಲ್ರಿಗೂ ನಮಸ್ಕಾರ. ನನ್ನನ್ನ ಕರೆಯೋವಾಗ ಸಂಘದವರು ಇವತ್ತಿನ ಮಾತಿಗೆ ಭಾರೀ ಹೆಸರಿಟ್ಟಿದ್ರು, "ಜೀವನದ ಗುರಿಗಳು ಮತ್ತು ಸವಾಲುಗಳು" ಅಂತ. ನಾನು ಹೇಳ್ದೆ, ಮೇಡಂ ಅಷ್ಟೆಲ್ಲ ಬೇಡ, ನನ್ ಹತ್ರ ಒಂದು ಡೈರಿ ಇದೆ, ಅದ್ರ ಹಿಂದಿನ ಪುಟದಲ್ಲಿ ಒಂದು ಲಿಸ್ಟ್ ಇದೆ, ಅದ್ರಲ್ಲಿ ಏನಾಯ್ತು ಏನಾಗ್ಲಿಲ್ಲ ಅಂತ ಹೇಳ್ತೀನಿ, ಮಧ್ಯದಲ್ಲಿ ಯಾರಾದ್ರೂ ಜಗಳಕ್ಕೆ ಬಂದ್ರೂ ಪರವಾಗಿಲ್ಲ. ನಾನು ಇನ್ಶೂರೆನ್ಸ್ ಆಫೀಸಲ್ಲಿ ಕೆಲ್ಸ ಮಾಡೋಳು, ಮೋಟಿವೇಶನ್ ಸ್ಪೀಕರ್ ಅಲ್ಲ, ಎದ್ದೇಳಿ ಕನಸು ಕಾಣಿ ಅಂತೆಲ್ಲ ಕೂಗಕ್ಕೆ ಬರಲ್ಲ. ವಾಯಿದೆ, ಬಾಕಿ, ಕಂತು, ಲ್ಯಾಪ್ಸು, ನಂಗೆ ಚೆನ್ನಾಗಿ ಬರೋ ಭಾಷೆ ಇದೇ.

ಈ ಲಿಸ್ಟ್ ಹುಚ್ಚಿಗೆ ಒಬ್ಬ ಗುರು ಇದಾನೆ, ಜಾನ್ ಗೊಡಾರ್ಡ್ ಅಂತ, ಅಮೆರಿಕದ ಲಾಸ್ ಏಂಜಲೀಸ್‌ನೋನು. 1940ರಲ್ಲಿ ಅವನಿಗೆ 15 ವರ್ಷ, ಮನೇಲಿ ಕೂತು ಜೀವನದಲ್ಲಿ ಮಾಡ್ಬೇಕಾದ್ದು ಅಂತ 127 ಐಟಂ ಬರೆದ. ನೈಲ್ ನದೀಲಿ ಹೋಗ್ಬೇಕು, ಎವರೆಸ್ಟ್ ಹತ್ತಬೇಕು, ವಿಷದ ಹಾವಿನ ವಿಷ ಹಿಂಡ್ಬೇಕು, ನಿಮಿಷಕ್ಕೆ 50 ಪದ ಟೈಪ್ ಮಾಡ್ಬೇಕು, ಇಡೀ ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ ಓದ್ಬೇಕು, ಚಂದ್ರನ ಮೇಲೆ ಹೋಗ್ಬೇಕು. 2013ರಲ್ಲಿ ತೀರ್ಕೊಳ್ಳೋ ಹೊತ್ತಿಗೆ ನೂರಕ್ಕೂ ಮೇಲೆ ಮುಗಿಸಿದ್ದ. ಎವರೆಸ್ಟ್ ಆಗ್ಲಿಲ್ಲ, ಚಂದ್ರ ಅಂತೂ ಆಗ್ಲೇ ಇಲ್ಲ. ಅವನ ಬಗ್ಗೆ ಮಾತಾಡೋರೆಲ್ಲ ಆ 127 ಅನ್ನೋ ನಂಬರ್ ಹಿಡ್ಕೊಂಡು ಬಾಯಿ ಬಿಡ್ತಾರೆ, ನನ್ ಕಣ್ಣಿಗೆ ಬಿದ್ದಿದ್ದು ಬೇರೆ. ಇಬ್ಬರು ಸ್ನೇಹಿತರ ಜೊತೆ ಸಣ್ಣ ಕಯಾಕ್ ದೋಣೀಲಿ ನೈಲ್‌ಗೆ ಇಳಿದಾಗ ಅವನಿಗೆ 26 ವರ್ಷ. 66ಕ್ಕೆ ಇಳಿದಿದ್ರೆ? ಮೊಸಳೆಗೆ ಊಟ, ಅಷ್ಟೇ. ಟೈಪಿಂಗ್‌ನ 66ಕ್ಕೂ ಕಲಿಬಹುದು. ಅಂದ್ರೆ ಒಂದೇ ಹಾಳೇಲಿ ಬರೆದಿದ್ರೂ ಎಲ್ಲ ಐಟಂಗೂ ವಾಯಿದೆ ಒಂದೇ ಅಲ್ಲ.

ನಾನು ಇವತ್ತು ಹೇಳಕ್ಕೆ ಬಂದಿರೋದು ಇಷ್ಟೇ. ನಾವು ಲಿಸ್ಟ್ ಬರೆಯೋವಾಗ ಜಾಸ್ತಿ ಇಷ್ಟ ಇರೋದನ್ನ ಮೇಲೆ ಬರೀತೀವಿ, ಕಮ್ಮಿ ಇಷ್ಟ ಇರೋದನ್ನ ಕೆಳಗೆ. ಅದ್ರ ಬದ್ಲು ಯಾವುದು ಬೇಗ ಲ್ಯಾಪ್ಸ್ ಆಗುತ್ತೋ, ಅಂದ್ರೆ ವಾಯಿದೆ ಮುಗಿದು ಕೈ ತಪ್ಪುತ್ತೋ, ಅದನ್ನ ಮೇಲೆ ಬರೀರಿ. ನಮ್ಮ ಆಫೀಸಲ್ಲಿ ಕಂತು ಕಟ್ಟದೆ ಲ್ಯಾಪ್ಸ್ ಆದ ಮಾಮೂಲಿ ಪಾಲಿಸಿನ 5 ವರ್ಷದೊಳಗೆ ಬಾಕಿ, ಬಡ್ಡಿ ಕಟ್ಟಿ ರಿವೈವ್, ಅಂದ್ರೆ ಮತ್ತೆ ಚಾಲೂ ಮಾಡ್ಕೋಬಹುದು. ಮಂಡಿಗೆ ಆ ಸೌಲಭ್ಯ ಇಲ್ಲ. ಅಪ್ಪ ಅಮ್ಮಂಗಂತೂ ಇಲ್ವೇ ಇಲ್ಲ.

ಅದಕ್ಕೇ ನನ್ನ ಲಿಸ್ಟಲ್ಲಿ ಎಲ್ಲೋ ಕೆಳಗಿದ್ದ "ಅಮ್ಮನ್ನ ಕಾಶಿಗೆ ಕರ್ಕೊಂಡ್ ಹೋಗೋದು" ಅನ್ನೋದು ಮೊದಲನೇ ನಂಬರಿಗೆ ಬಂತು. ಅಮ್ಮಂಗೆ ಆಗ್ಲೇ ಎಪ್ಪತ್ತು ದಾಟಿತ್ತು, ಶುಗರ್ ಇತ್ತು, ನಡಿಗೆ ಇನ್ನೂ ಚೆನ್ನಾಗಿತ್ತು. 2022ರ ನವೆಂಬರ್‌ನಲ್ಲಿ ಬೆಂಗಳೂರಿಂದ ಭಾರತ್ ಗೌರವ್ ಕಾಶಿ ಯಾತ್ರೆ ರೈಲು ಶುರುವಾಯ್ತಲ್ಲ, ಸರ್ಕಾರದಿಂದ 5,000 ರೂಪಾಯಿ ಸಹಾಯಧನ ಅಂತ, ಪಕ್ಕದ ಮನೆಯವರು ಹೋಗಿ ಬಂದು ವರ್ಣನೆ ಮಾಡಿದ್ರು, ಅಮ್ಮ ಅದನ್ನ ಕೇಳ್ಕೊಂಡು ಸುಮ್ನಿದ್ರು, ಆ ಸುಮ್ನಿರೋದು ಇದ್ಯಲ್ಲ ಅದು ಬೈದಿದ್ದಕ್ಕಿಂತ ಜೋರಾಗಿ ಕೇಳಿಸ್ತು ನಂಗೆ. ಮುಂದಿನ ಚಳಿಗಾಲಕ್ಕೇ ಹೊರಟ್ವಿ. ಕಾಶೀಲಿ ಕಾರಿಡಾರ್ ಅಂತ ಅಗಲವಾದ ದಾರಿ ಆದ್ಮೇಲೆ ವಿಶ್ವನಾಥನ ಗುಡಿಗೆ ಗಂಗೆ ಕಡೆಯಿಂದ ನೇರ ಹತ್ಕೊಂಡು ಹೋಗ್ಬಹುದು, ಆದ್ರೆ ಘಾಟ್ ಮೆಟ್ಟಿಲು ಮೆಟ್ಟಿಲೇ, ಅಮ್ಮ ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಇಟ್ಟು ನಿಂತು ಆಮೇಲೆ ಮುಂದಿನದಕ್ಕೆ ಹತ್ತೋರು. ಎರಡು ವರ್ಷ ತಡ ಮಾಡಿದ್ರೆ ಆ ಮೆಟ್ಟಿಲು ಆಗ್ತಿರ್ಲಿಲ್ಲ, ಈಗ ಮನೆ ಜಗಲಿ ಹತ್ತಕ್ಕೇ ಕೈ ಹಿಡೀಬೇಕು. ಕಾಶೀಲಿ ಇಷ್ಟವಾದ್ದೊಂದು ಬಿಟ್ಟು ಬರ್ಬೇಕು ಅಂತಾರಲ್ಲ, ಅಮ್ಮ ಏನು ಬಿಟ್ರು ಗೊತ್ತಾ, ಹಾಗಲಕಾಯಿ. ಜನ್ಮದಲ್ಲಿ ಒಂದು ದಿನ ಬಾಯಿಗಿಟ್ಟೋರಲ್ಲ. ಕೇಳಿದ್ರೆ "ವಿಶ್ವನಾಥಂಗೆ ಅಷ್ಟೆಲ್ಲ ಟೈಮ್ ಎಲ್ಲಿ" ಅಂತಾರೆ.

ಸರಿ, ಎರಡನೇದು ಮಂಡಿ, ಅಂದ್ರೆ ಮಂಡಿ ಗಟ್ಟಿ ಇರೋವಾಗ್ಲೇ ಬೆಟ್ಟ ಹತ್ತೋದು. ನಾವು ಶಿವಮೊಗ್ಗದವರು, ಕೊಡಚಾದ್ರಿ ನೋಡ್ದೋರು ಯಾರಿದೀರಿ ಇಲ್ಲಿ? ಎಲ್ರೂ ಕೈ ಎತ್ತಿದ್ರಿ. ಹತ್ತಿದೋರು? ನೋಡಿ, ಅರ್ಧಕ್ಕರ್ಧ ಇಳೀತು. ಜೀಪಲ್ಲಿ ಹೋಗಿ ಮೂಲ ಮೂಕಾಂಬಿಕೆ ಗುಡಿ ಹತ್ರ ಇಳಿದು, ಸರ್ವಜ್ಞ ಪೀಠದವರೆಗೆ ನಡೆದು, ಫೋಟೋ ತೆಗ್ದು ಬರೋದು. ಅದೂ ಸಣ್ಣ ಸಾಹಸ ಅಲ್ಲ, ಆ ಜೀಪ್ ರಸ್ತೇಲಿ ಕೂತು ಬಂದ್ರೆ ಸೊಂಟದ ಒಂದೊಂದು ಮೂಳೆ ಹೆಸರೂ ಗೊತ್ತಾಗುತ್ತೆ. ಜೀಪಲ್ಲಿ ಹೋಗಿದ್ದನ್ನ ಲಿಸ್ಟಲ್ಲಿ ಟಿಕ್ ಮಾಡ್ಬಹುದಾ ಅಂತ ನಮ್ಮ ಮನೇಲಿ ದೊಡ್ಡ ಚರ್ಚೆ ಆಯ್ತು. "ಕೊಡಚಾದ್ರಿ ನೋಡೋದು" ಅಂತ ಬರೆದಿದ್ರೆ ಆಯ್ತು, "ಹತ್ತೋದು" ಅಂತ ಬರೆದಿದ್ರೆ ಇಲ್ಲ, ಅಂತ ನನ್ನ ಮಗಳು ತೀರ್ಪು ಕೊಟ್ಲು. ಹಂಗಾಗಿ 1,343 ಮೀಟರ್‌ನ ಕಾಲಲ್ಲೇ ಹತ್ತಿ ಬಂದೆ.

ನಿಜವಾದ ಪರೀಕ್ಷೆ ಕುಮಾರ ಪರ್ವತ. 1,712 ಮೀಟರ್. ಎತ್ತರದ ಲೆಕ್ಕದಲ್ಲಿ ಮುಳ್ಳಯ್ಯನಗಿರಿ ದೊಡ್ಡದು, 1,930, ಆದ್ರೆ ಅಲ್ಲಿ ಗಾಡಿ ತುಂಬಾ ಮೇಲಕ್ಕೇ ಹೋಗುತ್ತೆ. ಕುಕ್ಕೆ ಇರೋದು ಬೆಟ್ಟದ ಬುಡದಲ್ಲಿ, ಅಲ್ಲಿಂದ ಶುರು ಮಾಡಿದ್ರೆ ಒಂದೂವರೆ ಸಾವಿರ ಮೀಟರ್‌ಗಿಂತ ಜಾಸ್ತಿ ಸ್ವಂತ ಕಾಲಲ್ಲಿ ಏರ್ಬೇಕು. ಮೊದಲು ಕಾಡು, ಗಿರಿಗದ್ದೆ, ಭಟ್ಟರ ಮನೆ, ಆಮೇಲೆ ನೆರಳೇ ಇಲ್ಲದ ಹುಲ್ಲುಗಾವಲು, ಕಲ್ಲು ಮಂಟಪ, ಶೇಷ ಪರ್ವತ. ಶೇಷ ಪರ್ವತದ ಮೇಲೆ ನಿಂತಾಗ ಆಯ್ತಪ್ಪಾ ಅನ್ಸುತ್ತೆ, ಆಗ ಎದುರಿಗೆ ಇನ್ನೊಂದು ಕಾಣುತ್ತೆ, ಅದೇ ಕುಮಾರ ಪರ್ವತ, ಅದಕ್ಕೆ ಹೋಗ್ಬೇಕಂದ್ರೆ ಹತ್ತಿದ್ದನ್ನ ಸ್ವಲ್ಪ ಇಳಿದು ಮತ್ತೆ ಹತ್ತಬೇಕು. ಅಲ್ಲಿ ಬೈದಷ್ಟು ನಾನು ನನ್ನ ಗಂಡನ್ನೂ ಬೈದಿಲ್ಲ.

ಹತ್ತೋದು ಎದೆ ಕೆಲ್ಸ, ಇಳಿಯೋದು ಮಂಡಿ ಕೆಲ್ಸ. ಇದನ್ನ ಯಾರೂ ಹೇಳಲ್ಲ. ಏದುಸಿರು ಬಂದ್ರೆ ನಿಂತು ಸುಧಾರಿಸ್ಕೋಬಹುದು, ಇಳಿಯೋವಾಗ ತೊಡೆ ನಡುಗಕ್ಕೆ ಶುರುವಾದ್ರೆ ನಿಂತ್ರೂ ನಡುಗುತ್ತೆ, ಕೂತು ಎದ್ರೆ ಇನ್ನೂ ಜಾಸ್ತಿ. ಹಂಗಾಗಿ ತಯಾರಿ ಮಾಡೋರು ಆಫೀಸ್ ಮೆಟ್ಟಿಲು ಹತ್ತಿ ಲಿಫ್ಟಲ್ಲಿ ಇಳೀಬೇಡಿ, ನಡ್ಕೊಂಡೇ ಇಳೀರಿ. ಮತ್ತೆ ಇಲ್ಲಿ ಹೆಂಗಸ್ರು ಜಾಸ್ತಿ ಇದೀರಿ ಅದಕ್ಕೆ ಬಿಚ್ಚೇ ಹೇಳ್ತೀನಿ, ಮುಟ್ಟು ನಿಂತ ಮೇಲೆ ನಮ್ಮ ಮೂಳೆ ಸಾಂದ್ರತೆ ಗಂಡಸ್ರಿಗಿಂತ ಬೇಗ ಇಳಿಯುತ್ತೆ, ಮಕ್ಕಳ ಮದುವೆ ಎಲ್ಲ ಮುಗೀಲಿ ಆಮೇಲೆ ಬೆಟ್ಟ ಹತ್ತೋಣ ಅನ್ನೋ ಲೆಕ್ಕಾಚಾರ ಇದ್ಯಲ್ಲ, ಅದು ನಮ್ಮ ದೇಹಕ್ಕೆ ಕೂಡಿ ಬರಲ್ಲ. ಇನ್ನೊಂದು, ಕುಮಾರ ಪರ್ವತಕ್ಕೆ ಬೇಕಾದಾಗ ಹೋಗಕ್ಕಾಗಲ್ಲ. ಮಳೇಲಿ ಬಂದ್, ಬೇಸಿಗೇಲಿ ಕಾಡ್ಗಿಚ್ಚಿನ ಭಯಕ್ಕೆ ಬಂದ್, ಉಳಿದಿದ್ದು ಕೆಲವೇ ತಿಂಗಳು, ಅದ್ರಲ್ಲೂ 2024ರ ಜನವರೀಲಿ ಜನಜಾತ್ರೆ ಆದ್ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಮಾಡಿದೆ. ಯಾವಾಗಾದ್ರೂ ಹೋಗೋಣ ಅಂತ ಬಿಟ್ರೆ ಬೆಟ್ಟ ಕಾಯಲ್ಲ, ಬೀಗ ಹಾಕಿರುತ್ತೆ.

ಈಗ ಯಾರಾದ್ರೂ ಕೇಳ್ತೀರಿ, ಮುದುಕರಾದ್ಮೇಲೆ ಮ್ಯಾರಥಾನ್ ಓಡಿದ ಫೌಜಾ ಸಿಂಗ್ ಇರ್ಲಿಲ್ವಾ ಅಂತ. ಇದ್ರು. ಪಾಸ್‌ಪೋರ್ಟ್ ಪ್ರಕಾರ ಹುಟ್ಟಿದ್ದು 1911ರಲ್ಲಿ, ಮೊದಲನೇ ಲಂಡನ್ ಮ್ಯಾರಥಾನ್ ಓಡಿದ್ದು 2000ದಲ್ಲಿ, ಅಂದ್ರೆ 89ಕ್ಕೆ. 2011ರಲ್ಲಿ ಟೊರಾಂಟೊದಲ್ಲಿ 100 ವರ್ಷದ ಮ್ಯಾರಥಾನ್ ಓಟಗಾರ ಅಂತ ಇಡೀ ಲೋಕ ಕೈ ಮುಗೀತು, ಜನನ ಪ್ರಮಾಣಪತ್ರ ಇಲ್ಲ ಅಂತ ಗಿನ್ನೆಸ್‌ನವರು ಮಾತ್ರ ದಾಖಲೆ ಒಪ್ಪಲಿಲ್ಲ. (ಪಾಪ, 1911ರ ಪಂಜಾಬ್ ಹಳ್ಳೀಲಿ ಬರ್ತ್ ಸರ್ಟಿಫಿಕೇಟ್ ಎಲ್ಲಿಂದ ತರೋದು, ನಮ್ಮ ಆಫೀಸಲ್ಲೂ ಇದೇ ಗೋಳು.) ಆದ್ರೆ ಅವರು ಜೀವಮಾನ ಇಡೀ ಹೊಲದಲ್ಲಿ ದುಡಿದ ರೈತ. ಅವರ ಕಂತು ಮೊದಲೇ ಕಟ್ಟಿ ಆಗಿತ್ತು. ಮೂವತ್ತು ವರ್ಷ ಕುರ್ಚೀಲಿ ಕೂತು ಸೀಲ್ ಹೊಡೆದ ನಾನು ಅವರ ಹೆಸರು ಹೇಳ್ಕೊಂಡು ಮುಂದಕ್ಕೆ ಹಾಕೋದು ಸರಿಯಲ್ಲ.

ಮೂರನೇದು ಈಜು, ಇದ್ರ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡ್ತೀನಿ ಯಾಕಂದ್ರೆ ಇದೇ ನಂಗೆ ಅತಿ ಕಷ್ಟ ಆಗಿದ್ದು. ನಮ್ಮ ಊರಲ್ಲಿ ತುಂಗೆ ಹರೀತಾಳೆ, ಬಾವಿ ಇತ್ತು, ಕೆರೆ ಇತ್ತು, ಅಣ್ಣಂದಿರನ್ನೆಲ್ಲ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ ಬಾವಿಗೆ ತಳ್ತಿದ್ರು, ವಾರದಲ್ಲಿ ಕಲಿತು ಬಿಡೋರು. ನಾವು ದಡದಲ್ಲಿ ಅವರ ಬಟ್ಟೆ ಕಾಯ್ಕೊಂಡು ಕೂತಿರ್ತಿದ್ವಿ. ನೀರಿನ ಪಕ್ಕದಲ್ಲೇ ಹುಟ್ಟಿ ನೀರಿಗೆ ಹೆದರೋ ಹೆಂಗಸ್ರು ಮಲೆನಾಡಲ್ಲಿ ಎಷ್ಟು ಜನ ಇದೀವಿ ನೋಡಿ.

ಪೂಲ್‌ಗೆ ಹೋದ್ರೆ ಹೆಂಗಸ್ರ ಬ್ಯಾಚ್ ಇಟ್ಟಿದ್ದು ಬೆಳಿಗ್ಗೆ ಹತ್ತೂವರೆಗೆ, ಅಂದ್ರೆ ಕೆಲಸಕ್ಕೆ ಹೋಗೋ ಹೆಂಗಸ್ರು ಇದಾರೆ ಅನ್ನೋದೇ ಆ ಟೈಮ್‌ಟೇಬಲ್ ಬರೆದೋರಿಗೆ ಗೊತ್ತಿಲ್ಲ, ನಂಗೆ ಭಾನುವಾರ ಒಂದೇ ಗತಿ. ಕಲ್ಸೋ ಹುಡುಗಿಗೆ ನನ್ನ ಮಗಳ ವಯಸ್ಸು. ಮೊದಲು ಹೇಳಿದ್ದೇನು ಅಂದ್ರೆ, ಆಂಟಿ ಕೈ ಕಾಲು ಮರೆತು ಬಿಡಿ, ಕಂಬಿ ಹಿಡ್ಕೊಂಡು ಮುಖ ಮುಳುಗಿಸಿ ಉಸಿರು ಬಿಡಿ. ಇಷ್ಟೇನಾ ಅಂದ್ಕೊಂಡೆ. ಆಗ್ಲಿಲ್ಲ ಕಣ್ರೀ. ನೀರೊಳಗೆ ಹೋದ ತಕ್ಷಣ ದೊಡ್ಡೋರು ಮಾಡೋದೇ ಉಸಿರು ಬಿಗಿ ಹಿಡಿಯೋದು. ಹಿಡಿದ್ರೆ ಮೇಲೆ ಬಂದಾಗ ಬಿಡೋದೂ ಅದೇ ಕ್ಷಣ, ತಗೊಳ್ಳೋದೂ ಅದೇ ಕ್ಷಣ, ಎರಡೂ ಒಟ್ಟಿಗೆ ಆಗಲ್ಲ, ನೀರು ಮೂಗಿಗೆ ಹೋಗುತ್ತೆ, ಗಾಬರಿ, ತಲೆ ಎತ್ತೋದು. ತಲೆ ಎತ್ತಿದ್ರೆ ಕಾಲು ಮುಳುಗುತ್ತೆ, ಕಾಲು ಮುಳುಗಿದ್ರೆ ಇನ್ನೂ ಗಾಬರಿ. ಒಳಗೇ ಬುಳುಬುಳು ಅಂತ ಪೂರ್ತಿ ಬಿಟ್ಟು, ಖಾಲಿ ಆಗಿ ಮೇಲೆ ಬಂದ್ರೆ ಗಾಳಿ ತಾನೇ ಒಳಗೆ ಬರುತ್ತೆ. ಈ ಒಂದು ವಿಷ್ಯ ಮೈಗೆ ಹತ್ತಕ್ಕೆ ನಂಗೆ ಎಷ್ಟೋ ಭಾನುವಾರ ಹೋಯ್ತು, ಪಕ್ಕದಲ್ಲಿ ಆರು ವರ್ಷದ ಮಕ್ಳು ಮೀನಿನ ಹಂಗೆ ಹೋಗ್ತಿರ್ಬೇಕಾದ್ರೆ ನಾನು ಕಂಬಿ ಹಿಡ್ಕೊಂಡು ಗುಳ್ಳೆ ಬಿಡ್ತಾ ನಿಂತಿರ್ತಿದ್ದೆ. ಅದು ಬಂದ ಮೇಲೆ ಕೈ, ಕಾಲು ಎಲ್ಲ ಬೇಗ ಬಂತು. ಈಗ ಪೂಲ್ ಅಡ್ಡಕ್ಕೆ ಹೋಗಿ ಬರ್ತೀನಿ, ಉದ್ದಕ್ಕೆ ಇನ್ನೂ ಧೈರ್ಯ ಇಲ್ಲ, ಅದನ್ನ ಪೆನ್ಸಿಲ್ಲಲ್ಲಿ ಅರ್ಧ ಟಿಕ್ ಹಾಕಿದೀನಿ.

ಇನ್ನು ನಿಧಾನಕ್ಕೆ ಲ್ಯಾಪ್ಸ್ ಆಗೋ ಐಟಂ. ಕುಮಾರವ್ಯಾಸ ಭಾರತ ಪೂರ್ತಿ ಓದೋದು. ಹತ್ತು ಪರ್ವ, ಎಂಟು ಸಾವಿರಕ್ಕೂ ಮೇಲೆ ಪದ್ಯ. ಇಷ್ಟು ದಪ್ಪ ಪುಸ್ತಕ ನೋಡಿ ಹೆದರಿ ವರ್ಷಗಟ್ಟಲೆ ಶೆಲ್ಫಲ್ಲೇ ಇತ್ತು, ಆಮೇಲೆ ಕಂತಿನ ಲೆಕ್ಕ ಹಾಕಿದೆ, ದಿನಕ್ಕೆ ಎಂಟು ಪದ್ಯ ಅಂದ್ರೆ ಮೂರು ವರ್ಷದೊಳಗೆ ಮುಗೀಬೇಕು. ಕಣ್ಣಲ್ಲಿ ಓದಿದ್ರೆ ತಲೆಗೆ ಹೋಗಲ್ಲ, ಜೋರಾಗಿ ಓದ್ಬೇಕು, ಭಾಮಿನಿ ಷಟ್ಪದಿಯ ಮೂರು ನಾಲ್ಕು ಮೂರು ನಾಲ್ಕು ಮಾತ್ರೆ ನಾಲಿಗೆಗೆ ಹತ್ತಿದ್ಮೇಲೆ ಅರ್ಥ ಆಗದ ಪದಾನೂ ಒಂಥರಾ ಅರ್ಥ ಆಗುತ್ತೆ. ನಮ್ಮ ಪಕ್ಕದಲ್ಲೇ ಹೊಸಹಳ್ಳಿ ಇದೆ, ಗಮಕದ ಊರು, ಗಮಕ ಅಂದ್ರೆ ಕಾವ್ಯನ ರಾಗವಾಗಿ ಓದೋದು, ಅಲ್ಲಿನ ಎಚ್.ಆರ್. ಕೇಶವಮೂರ್ತಿಗಳಿಗೆ 2022ರಲ್ಲಿ ಪದ್ಮಶ್ರೀ ಬಂತಲ್ಲ, ಗಮಕ ಒಂದು ಸಲ ಕೂತು ಕೇಳ್ಬಿಡಿ, ಆಮೇಲೆ ಪುಸ್ತಕ ಹೆದರ್ಸಲ್ಲ. ಮಜಾ ಏನು ಗೊತ್ತಾ, ಮಹಾಭಾರತದ ಹದಿನೆಂಟು ಪರ್ವದಲ್ಲಿ ಕುಮಾರವ್ಯಾಸ ಹತ್ತಕ್ಕೇ ನಿಲ್ಸಿದಾನೆ, ಉಳಿದದ್ದನ್ನ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಮುಗಿಸಿದ. ಲಿಸ್ಟ್ ಪೂರ್ತಿ ಆಗ್ಲಿಲ್ಲ ಅಂತ ಗದುಗಿನ ನಾರಣಪ್ಪನ್ನ, ಅಂದ್ರೆ ಇದೇ ಕುಮಾರವ್ಯಾಸನ್ನ, ಯಾರಾದ್ರೂ ಕಮ್ಮಿ ಮಾಡಿದ್ವಾ?

ಕೆಲವು ಹೊಡೆದೂ ಹಾಕಿದೆ. ಎವರೆಸ್ಟ್ ಬೇಸ್ ಕ್ಯಾಂಪ್ ಅಂತ ಇತ್ತು, 5,364 ಮೀಟರ್, ಅದು ನನ್ನ ಆಸೆ ಅಲ್ಲ, ಯಾರದೋ ಸ್ಟೇಟಸ್ ನೋಡಿ ಬರೆದಿದ್ದು. ಗಿಟಾರ್ ಇತ್ತು, ಅದೂ ಹಂಗೇ. ಹೊಡೆದಾಗ ಒಂಚೂರೂ ಬೇಜಾರಾಗ್ಲಿಲ್ಲ, ಅದ್ರಲ್ಲೇ ಗೊತ್ತಾಯ್ತು.

ಮತ್ತೆ ಒಬ್ಳೇ ಕೂತು ಬರೆದ ಲಿಸ್ಟಿಗೆ ವಸೂಲಿ ಮಾಡೋರು ಇರಲ್ಲ. ನಮ್ಮಜ್ಜಿ ತಿರುಪತಿಗೆ ಅಂತ ಹಳದಿ ಬಟ್ಟೇಲಿ ಮುಡಿಪು ಕಟ್ಟಿ ದೇವರ ಮನೇಲಿ ಇಡ್ತಿದ್ರು, ಅದು ಎಷ್ಟೇ ಕಷ್ಟ ಬಂದ್ರೂ ಬಿಚ್ಚಂಗಿಲ್ಲ, ಯಾಕಂದ್ರೆ ತಿಮ್ಮಪ್ಪ ಬಡ್ಡಿ ಸಮೇತ ವಸೂಲು ಮಾಡ್ತಾನೆ ಅನ್ನೋ ಭಯ. ನಂಗೆ ಆ ಭಯ ಇಲ್ಲ, ಅದಕ್ಕೆ ನನ್ನ ಲಿಸ್ಟನ್ನ ಆಫೀಸಲ್ಲಿ ನನ್ನ ಎದುರು ಟೇಬಲ್‌ನವಳ ಕೈಗೆ ಕೊಟ್ಟಿದೀನಿ. ಅವಳು ತಿಮ್ಮಪ್ಪನಿಗಿಂತ ಕಟು. ಪ್ರತಿ ಸೋಮವಾರ ಟಿಫನ್ ಬಾಕ್ಸ್ ತೆಗೆಯೋಕೆ ಮುಂಚೆ "ಪೂಲ್‌ಗೆ ಹೋಗಿದ್ಯಾ" ಅಂತ ಕೇಳ್ತಾಳೆ, ಇಲ್ಲ ಅಂದ್ರೆ ಉಪ್ಪಿನಕಾಯಿ ಕೊಡಲ್ಲ.

ಸದ್ಯಕ್ಕೆ ಕರ್ಣಪರ್ವದಲ್ಲಿದೀನಿ. ವಾಯಿದೆ ಪ್ರಕಾರ ಮುಂದಿನದು ಗೇರ್ ಬೈಕ್ ಕಲಿಯೋದು, ಮನೇಲಿ ಯಾರೂ ಬೈಕ್ ಕೈಗೆ ಕೊಡ್ತಿಲ್ಲ. ಇಲ್ಲಿ ಯಾರಾದ್ರೂ ಕಲ್ಸೋ ಧೈರ್ಯ ಇರೋರಿದ್ರೆ ಕಾರ್ಯಕ್ರಮ ಮುಗಿದ್ಮೇಲೆ ಸಿಗಿ, ಕ್ಲಚ್ ಪ್ಲೇಟ್ ಖರ್ಚು ನಂದು. ಪ್ರಶ್ನೆ ಇರೋರು ಕೇಳಿ, ಹಿಂದಿನ ಸಾಲಿನವರು ಸ್ವಲ್ಪ ಜೋರಾಗಿ.