ಮೈಸೂರಲ್ಲಿ ಒಂದು ಭಾನುವಾರ: ಅರಮನೆಗಿಂತ ರಸ್ತೆ ನೋಡಿದ್ದೇ ಜಾಸ್ತಿ

ಎಲ್ಲರಿಗೂ ನಮಸ್ಕಾರ.

ಮಂಡ್ಯದವರು ಮೈಸೂರು ನೋಡೋಕೆ ಹೋದೆವು ಅಂದರೆ ಯಾರಾದರೂ ನಗುತ್ತಾರೆ. ಪಕ್ಕದ ಊರು, ಹೆಚ್ಚೆಂದರೆ 45 ಕಿಲೋಮೀಟರ್. ಆಸ್ಪತ್ರೆಗೆ ಹೋಗಿದ್ದೇವೆ, ಮದುವೆ ಸೀರೆಗೆ ಹೋಗಿದ್ದೇವೆ, ನೆಂಟರ ಗೃಹಪ್ರವೇಶಕ್ಕೆ ಹೋಗಿ ಉಂಡು ಸಂಜೆ ಬಸ್ಸಿಗೆ ಬಂದಿದ್ದೇವೆ. ಊರು ನೋಡೋಕೆ ಅಂತಲೇ ಹೋಗಿರಲಿಲ್ಲ. ಈ ಸಲ ನಮ್ಮನೆಯವರದ್ದೇ ಹಠ. ಅವರು ಲೇಔಟ್ ಕೆಲಸದವರು. ಗದ್ದೆ ಸೈಟಾಗುವ ಕಡೆ ಟೇಪ್ ಹಿಡಿದು ನಿಲ್ಲೋದೇ ಅವರ ಕಸುಬು. "ಅರಮನೆ ಎಲ್ಲರೂ ತೋರಿಸ್ತಾರೆ ಕಣೆ. ನಾವು ರಸ್ತೆ ತೋರ್ಸೋಣ" ಅಂದರು. ರಸ್ತೆ ಯಾರು ನೋಡ್ತಾರ್ರೀ ಅಂದೆ. ನೀವು ಈ ವಿಡಿಯೋ ನೋಡ್ತಿದ್ದೀರಲ್ಲ, ಅಷ್ಟು ಸಾಕು.

ಬೆಳಗ್ಗೆ ರೈಲು ಹಿಡಿದೆವು. ಭಾನುವಾರ ಅಂತ ಸೀಟು ಸಿಗುತ್ತೆ ಅಂದುಕೊಳ್ಳಬೇಡಿ, ಭಾನುವಾರವೇ ಜಾಸ್ತಿ ರಶ್ಶು. ಪಾಂಡವಪುರ ದಾಟಿ ಶ್ರೀರಂಗಪಟ್ಟಣದ ಸೇತುವೆ ಬಂದಾಗ ಮಾತ್ರ ಕಿಟಕಿ ಹತ್ತಿರ ಜಾಗ ಸಿಕ್ಕಿತು. ಈಗ ಕಾಣ್ತಿರೋದು ಅದೇ, ಕಾವೇರಿ. ಮೈಸೂರಿನ ಕಥೆ ಶುರು ಮಾಡಬೇಕಾದರೂ ಇಲ್ಲಿಂದಲೇ ಮಾಡಬೇಕು. 1610ರಿಂದ ಒಡೆಯರ ರಾಜಧಾನಿ ಇದ್ದದ್ದು ಈ ಶ್ರೀರಂಗಪಟ್ಟಣದಲ್ಲಿ. ಟಿಪ್ಪು ಸುಲ್ತಾನ್ ಕಾಲಕ್ಕೆ ಮೈಸೂರಿನ ಹಳೇ ಕೋಟೆ ಕೆಡವಿ, ಆ ಕಲ್ಲು ಸಾಗಿಸಿ, ಪಕ್ಕದಲ್ಲೇ ನಜರ್‌ಬಾದ್ ಅಂತ ಹೊಸ ಕೋಟೆ ಕಟ್ಟೋಕೆ ಹೊರಟಿದ್ದರು. ಅದು ಮುಗಿಯಲೇ ಇಲ್ಲ. 1799ರಲ್ಲಿ ಟಿಪ್ಪು ತೀರಿಕೊಂಡ ಮೇಲೆ ರಾಜಧಾನಿ ಮೈಸೂರಿಗೆ ಬಂತು, ಹೋಗಿದ್ದ ಕಲ್ಲುಗಳೂ ವಾಪಸ್ ಬಂದವು.

ನಜರ್‌ಬಾದ್ ಹೆಸರು ಈಗ ಉಳಿದಿರೋದು ಬಡಾವಣೆಗೆ. ನಮಗಂತೂ ನಜರ್‌ಬಾದ್ ಅಂದರೆ ಮೈಲಾರಿ ದೋಸೆ. ಸ್ಟೇಷನ್ನಿಂದ ಆಟೋದಲ್ಲಿ ಸೀದಾ ಅಲ್ಲಿಗೇ ಹೋದೆವು. ಚಿಕ್ಕ ಹೋಟೆಲ್. ತಿನ್ನುವವರ ಬೆನ್ನ ಹಿಂದೆ ನಿಂತು, ಅವರು ಯಾವಾಗ ಏಳ್ತಾರೋ ಅಂತ ಕಾಯಬೇಕು. ಗರಿಗರಿ ಬೇಕು ಅನ್ನೋರಿಗೆ ಈ ದೋಸೆ ಅಲ್ಲ. ಇದು ಮೆತ್ತಗೆ, ಮೇಲೆ ಬೆಣ್ಣೆ, ಒಳಗೆ ಸಾಗು. ಒಂದು ತಿಂದು ಏಳೋಣ ಅಂತ ಕೂತೋರು ಯಾರೂ ಒಂದಕ್ಕೆ ಎದ್ದಿದ್ದು ನಾನು ನೋಡಲಿಲ್ಲ. ನಮ್ಮೆಜಮಾನ್ರ ಲೆಕ್ಕ ನಾನು ಹೇಳೋದಿಲ್ಲ.

ಅಲ್ಲಿಂದ ಅರಮನೆ. ಚಪ್ಪಲಿ ಬಿಟ್ಟು ಒಳಗೆ ಹೋದೆವು. ಅಂಬಾರಿ, ದರ್ಬಾರ್ ಹಾಲು, ಗೊಂಬೆತೊಟ್ಟಿ, ಇವೆಲ್ಲ ನೀವು ಬೇಕಾದಷ್ಟು ವಿಡಿಯೋಗಳಲ್ಲಿ ನೋಡಿದ್ದೀರಿ. ನಾನು ನಿಂತಿದ್ದು ಕಲ್ಯಾಣ ಮಂಟಪದಲ್ಲಿ. ತಲೆ ಎತ್ತಿದರೆ ಬಣ್ಣದ ಗಾಜಿನ ಚಾವಣಿ ತುಂಬಾ ನವಿಲು. ಅದನ್ನು ಹೊತ್ತಿರೋ ಕಂಬಗಳು ಕಲ್ಲಿನವಲ್ಲ, ಮರದವೂ ಅಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಎರಕ ಹೊಯ್ದು ತಂದ ಕಬ್ಬಿಣ. ಇಷ್ಟು ಕಬ್ಬಿಣ ಯಾಕೆ ಅಂದರೆ, ಹಳೇ ಅರಮನೆ ಮರದ್ದು. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆ ಹೊತ್ತಿಗೆ ಬೆಂಕಿ ಬಿದ್ದು ಸುಟ್ಟುಹೋಯಿತು. ಮತ್ತೆ ಮರ ನಂಬೋಕೆ ಯಾರಿಗೆ ಧೈರ್ಯ ಬರುತ್ತೆ ಹೇಳಿ? ಹೆನ್ರಿ ಇರ್ವಿನ್ ನಕ್ಷೆ ಹಾಕಿದರು. 1912ಕ್ಕೆ ಈ ಅರಮನೆ ಮುಗಿಯಿತು.

ಇಲ್ಲೊಂದು ಮಾತು. ಆ ಬೆಂಕಿ ಬಿದ್ದಾಗ ರಾಜ್ಯ ಆಳುತ್ತಿದ್ದವರು ಹೆಣ್ಣುಮಗಳು. ಮಹಾರಾಣಿ ಕೆಂಪನಂಜಮ್ಮಣ್ಣಿ, ವಾಣಿವಿಲಾಸ ಸನ್ನಿಧಾನ. ಗಂಡ ತೀರಿಕೊಂಡಿದ್ದರು, ಮಗ ನಾಲ್ವಡಿ ಕೃಷ್ಣರಾಜ ಒಡೆಯರು ಇನ್ನೂ ಹುಡುಗ. ಅರಮನೆ ಸುಟ್ಟ ಸಂಕಟ ಆರುವ ಮೊದಲೇ ಪ್ಲೇಗ್ ಬಂತು. ನಾಲ್ವಡಿಯವರ ಹೆಸರು ಎಲ್ಲೆಲ್ಲೂ ಇದೆ, ಇರಬೇಕಾದ್ದೇ. ಈ ತಾಯಿ ಆ ಏಳು ವರ್ಷ ಹೇಗೆ ಸಂಭಾಳಿಸಿದರು ಅನ್ನೋದನ್ನು ಯಾಕೋ ನಾವು ಅಷ್ಟಾಗಿ ಮಾತಾಡೋದಿಲ್ಲ.

ಪ್ಲೇಗ್ ಅಂದೆನಲ್ಲ, ಈ ಊರಿನ ರಸ್ತೆಗಳ ಹಿಂದೆ ಇರೋದೂ ಅದೇ. ಕೋಟೆಯ ಒಳಗೆ, ಅದರ ಸುತ್ತಮುತ್ತ ಗೋಡೆಗೆ ಗೋಡೆ ಅಂಟಿದ ಮನೆಗಳು. ಗಾಳಿ ಇಲ್ಲ, ಚರಂಡಿ ಇಲ್ಲ. ಕಾಯಿಲೆ ಬಂದರೆ ಬೀದಿಗೆ ಬೀದಿಯೇ ಖಾಲಿ. ಆಮೇಲೆ 1903ರಲ್ಲಿ ನಗರ ಸುಧಾರಣೆಗೆ ಅಂತಲೇ ಒಂದು ಟ್ರಸ್ಟ್ ಬೋರ್ಡ್ ಮಾಡಿದರು. ಇಕ್ಕಟ್ಟು ಬಿಡಿಸೋದು, ಹೊಸ ಬಡಾವಣೆ ಹಾಕೋದು, ಚರಂಡಿ, ಪಾರ್ಕು, ಅಗಲದ ರಸ್ತೆ, ಇವೇ ಅದರ ಕೆಲಸ. ಮೊದಲು ರಸ್ತೆ ಗುರುತು, ಆಮೇಲೆ ಮನೆ. "ನಮ್ಮಲ್ಲಿ ಉಲ್ಟಾ ಕಣೆ, ಮನೆ ಕಟ್ಟಿದ ಮೇಲೆ ರಸ್ತೆ ಎಲ್ಲಿ ಅಂತ ಹುಡುಕ್ತೀವಿ" ಅಂದರು ಇವರು. ಮಂಡ್ಯದ ನೂರಡಿ ರಸ್ತೆ ಇಲ್ವಾ ಅಂದೆ. ಅದನ್ನು ಬಿಟ್ಟು ಇನ್ನೊಂದು ಹೇಳು ಅಂದರು. ನಾನು ಸುಮ್ಮನಾದೆ.

ಅರಮನೆಯಿಂದ ದೊಡ್ಡ ಗಡಿಯಾರದ ಕಡೆ ನಡೆದು ಹೋದೆವು. ಇಲ್ಲಿ ಸ್ವಲ್ಪ ನಿಲ್ಲಿ, ಜೂಮ್ ಮಾಡಿದ್ದೇನೆ. ಅಂಕಿ ನೋಡಿ. ೧, ೨, ೩, ಎಲ್ಲಾ ಕನ್ನಡದಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಗೆ ಇಪ್ಪತ್ತೈದು ವರ್ಷ ತುಂಬಿತು ಅಂತ, 1927ರಲ್ಲಿ ಅರಮನೆಯ ನೌಕರರು ಸೇರಿ ಕಟ್ಟಿಸಿದ್ದು ಇದು. ಎತ್ತರ 75 ಅಡಿ. ಪಕ್ಕದಲ್ಲಿ ಕಬ್ಬಿನ ಹಾಲಿನ ಗಾಡಿಯವರು ಟೈಮ್ ಎಷ್ಟಣ್ಣ ಅಂತ ನಮ್ಮನ್ನೇ ಕೇಳಿದರು. ಕಬ್ಬು ಎಲ್ಲಿಂದ ಬರುತ್ತೆ ಅಂತ ನಾವು ಕೇಳಿದೆವು. "ನಿಮ್ಮೂರ್ ಕಡೇದೇ" ಅಂದರು. ಮಾತಿನಲ್ಲೇ ಊರು ಗೊತ್ತಾಗಿತ್ತು ಅನ್ನಿಸುತ್ತೆ.

ಚಾಮರಾಜ ವೃತ್ತ ದಾಟಿದರೆ ಕೆ.ಆರ್. ಸರ್ಕಲ್. ನಮ್ಮೆಜಮಾನ್ರು ನಿಜವಾಗಿ ಖುಷಿಯಾಗಿದ್ದು ಇಲ್ಲಿ. ಒಂದು ಕಡೆ ನಿಲ್ಲಿಸಿ "ಸೀದಾ ನೋಡು" ಅಂದರು. ಸಯ್ಯಾಜಿರಾವ್ ರಸ್ತೆ ಉತ್ತರಕ್ಕೆ ಹೊರಟಿದೆ, ಬರೋಡಾದ ಮಹಾರಾಜರ ಹೆಸರು ಅದಕ್ಕೆ. ಜಂಬೂಸವಾರಿ ಬನ್ನಿಮಂಟಪಕ್ಕೆ ಹೋಗೋದು ಇದೇ ದಾರಿಯಲ್ಲಿ, ಒಟ್ಟು ಐದು ಕಿಲೋಮೀಟರ್. ಆನೆ, ಕುದುರೆ, ಸ್ತಬ್ಧಚಿತ್ರ, ಎರಡೂ ಪಕ್ಕ ಜನ, ಇಷ್ಟಕ್ಕೂ ಜಾಗ ಇರಬೇಕು ಅಂತ ಯೋಚನೆ ಮಾಡಿ ಮಾಡಿದಂತಿದೆ ರಸ್ತೆ. ಈ ಊರಿನಲ್ಲಿ ಎಲ್ಲಿಂದ ಹೊರಟರೂ ರಸ್ತೆಯ ಕೊನೆಗೆ ಏನೋ ಒಂದು ಕಾಣುತ್ತೆ. ಗಡಿಯಾರವೋ, ಗುಮ್ಮಟವೋ, ಪ್ರತಿಮೆಯೋ. ಸುಮ್ನೆ ಖಾಲಿ ಮುಗಿಯೋದಿಲ್ಲ. ದಿವಾನ್ ಮಿರ್ಜಾ ಇಸ್ಮಾಯಿಲ್ ಬೆಳಗಿನ ಹೊತ್ತು ತಾವೇ ಊರು ಸುತ್ತಿ ರಸ್ತೆ, ಪಾರ್ಕು ನೋಡಿಕೊಂಡು ಬರುತ್ತಿದ್ದರು ಅಂತ ಹಳಬರು ಹೇಳುತ್ತಾರೆ. ಈಗ ಬಂದರೆ ಫುಟ್‌ಪಾತ್ ಮೇಲೆ ನಿಲ್ಲಿಸಿದ ಬೈಕುಗಳನ್ನು ನೋಡಿ ಏನನ್ನುತ್ತಿದ್ದರೋ!

ದೇವರಾಜ ಮಾರುಕಟ್ಟೆ. ಇಲ್ಲಿ ಟೇಪ್ ಕೆಲಸ ಇಲ್ಲ, ಇಲ್ಲಿ ನಂದೇ ರಾಜ್ಯ. ಹತ್ತನೇ ಚಾಮರಾಜ ಒಡೆಯರು 1886ರಲ್ಲಿ ಕಟ್ಟಿಸಿದ್ದು. ಒಂದು ತುದಿಯಲ್ಲಿ ಚಿಕ್ಕ ಗಡಿಯಾರ. ಒಳಗೆ ಬಂದರೆ ಒಂದು ಸಾಲು ಬಾಳೆಹಣ್ಣು, ಒಂದು ಸಾಲು ವೀಳ್ಯದೆಲೆ, ಒಂದು ಸಾಲು ಹೂವು. ಕುಂಕುಮದ ಅಂಗಡಿಯಲ್ಲಿ ಕೆಂಪು, ಹಳದಿ, ನೀಲಿ, ಗುಲಾಬಿ ಪುಡಿಯನ್ನು ಗುಡ್ಡೆ ಹಾಕಿ ತುದಿ ಚೂಪು ಮಾಡಿದ್ದರು. ಒಬ್ಬರು ಒಂದು ಚಮಚ ತೆಗೆದರೂ ಅಂಗಡಿಯವರು ಅಂಗೈಯಲ್ಲಿ ಸವರಿ ಮತ್ತೆ ಚೂಪು ಮಾಡುತ್ತಾರೆ. ಗಿರಾಕಿ ಬಂದಾಗೆಲ್ಲ ಇದೇ ಕೆಲಸ. ನಾನು ಬಹಳ ಹೊತ್ತು ಅದನ್ನೇ ಶೂಟ್ ಮಾಡುತ್ತಾ ನಿಂತಿದ್ದೆ.

ಮಲ್ಲಿಗೆ ತಗೊಂಡೆ. ಹೂವಿನಮ್ಮ ಮೊಳ ಹಾಕಿ ಕೊಟ್ಟರು. ಬೆಳಗಿಂದ ಬರೀ ಅಳತೆಯಲ್ಲೇ ಇದ್ದ ನಮ್ಮನೆಯವರು ಸುಮ್ಮನಿರಬೇಕಲ್ಲ, "ಅಮ್ಮಾ, ನಿಮ್ಮ ಮೊಳ ಎಷ್ಟು ಇಂಚು?" ಅಂದರು. ಆಯಮ್ಮ ತಲೆ ಎತ್ತಲೇ ಇಲ್ಲ. "ನಿಮ್ಮೆಂಡ್ರು ಮುಡಿಯೋವಷ್ಟು ಕಣಪ್ಪ" ಅಂತ ಇನ್ನೊಂದು ಗೇಣು ಸೇರಿಸಿ ಕಟ್ಟಿಕೊಟ್ಟರು. ಈ ಮಾರುಕಟ್ಟೆ ಕೆಡವಬೇಕೋ ರಿಪೇರಿ ಮಾಡಬೇಕೋ ಅನ್ನೋ ಜಗಳ ವರ್ಷಗಳಿಂದ ನಡೆಯುತ್ತಿದೆ. 2016ರಲ್ಲಿ ಒಂದು ಭಾಗ ಕುಸಿದಿತ್ತು ಕೂಡ. ನನ್ನನ್ನು ಕೇಳಿದರೆ ರಿಪೇರಿ. ಹೊಸ ಕಾಂಪ್ಲೆಕ್ಸ್ ಕಟ್ಟಿದರೆ ಈ ಹೂವಿನಮ್ಮನಿಗೆ ಅಲ್ಲಿ ಯಾವ ಮಹಡಿ ಕೊಡ್ತಾರೆ?

ಮಧ್ಯಾಹ್ನ ಮಂಡಿ ಮೊಹಲ್ಲಾದಲ್ಲಿ ಪಲಾವ್ ತಿಂದೆವು. ಚೆನ್ನಾಗಿತ್ತು. ಮುಂದಕ್ಕೆ ಹೋಗೋಣ.

ಈಗ ಬರೋದು ಯಾವ ಟೂರಿಸ್ಟ್ ಪಟ್ಟಿಯಲ್ಲೂ ಇಲ್ಲದ ಜಾಗ. ಚಾಮರಾಜಪುರಂ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ. ಹೆಂಚಿನ ಮನೆ, ಮುಂದೆ ಜಗಲಿ, ಕಾಂಪೌಂಡಿನಲ್ಲಿ ಸಂಪಿಗೆ. ಎರಡು ಸಾಲು ಮನೆಗಳ ಬೆನ್ನಿಗೆ ಒಂದು ಸಣ್ಣ ಓಣಿ. ಕನ್ಸರ್ವೆನ್ಸಿ ಅನ್ನುತ್ತಾರೆ. ಲೇಔಟಿನವರಿಗೆ ಇದನ್ನು ನೋಡಿದರೆ ಆಸೆಯಾಗುತ್ತಂತೆ. ಚರಂಡಿ, ಪೈಪು ಎಲ್ಲಾ ಹಿಂದಿನಿಂದಲೇ ಹೋದರೆ ಮುಂದಿನ ರಸ್ತೆ ಅಗೆಯುವ ಹಾಗಿಲ್ಲ.

ನಾವು ಒಂದು ಓಣಿಯೊಳಗೆ ಹೋದೆವು. ಹಳೇ ಹಿತ್ತಿಲ ಗೋಡೆ, ಅದರ ಬುಡದಲ್ಲಿ ಒಂದು ಪುಟ್ಟ ಕಿಂಡಿ. ಇಟ್ಟಿಗೆ ಇಟ್ಟು ಮುಚ್ಚಿದ್ದಾರೆ, ಆದರೂ ಚೌಕಟ್ಟಿನ ಗುರುತು ಎದ್ದು ಕಾಣುತ್ತೆ. ಒಳಚರಂಡಿ ಇಲ್ಲದ ಕಾಲದಲ್ಲಿ ಕಕ್ಕಸು ತೆಗೆಯುವವರು ಮನೆಯ ಮುಂದೆ ಬರುವ ಹಾಗಿರಲಿಲ್ಲ. ಅವರಿಗೆ ಅಂತ ಹಿಂದಿನ ಓಣಿ, ಬಾಗಿ ಬಕೆಟ್ ಎಳೆಯೋಕೆ ಈ ಥರದ ಕಿಂಡಿ. ಅಷ್ಟು ಅಚ್ಚುಕಟ್ಟಾದ ನಕ್ಷೆಯಲ್ಲಿ ಅವರಿಗೆ ಕೊಟ್ಟ ಜಾಗ ಇಷ್ಟು. ತಲೆ ಮೇಲೆ ಮಲ ಹೊರುವುದು ನಿಲ್ಲಬೇಕು ಅಂತ ಆದದ್ದು 1970ರ ದಶಕದಲ್ಲಿ, ದೇವರಾಜ ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರ ಕಾಲಕ್ಕೆ. ಅರಮನೆ ಕಟ್ಟಿದ ಅರವತ್ತು ವರ್ಷದ ನಂತರ! ಮೈಸೂರು ಎಷ್ಟು ಚಂದದ ಪ್ಲಾನ್ ಅಂತ ಹೊಗಳುವಾಗ ಈ ಓಣಿಯನ್ನೂ ಸೇರಿಸಿ ಹೇಳಬೇಕು ಅಂತ ನನಗನ್ನಿಸುತ್ತೆ. ಈಗ ಅಲ್ಲಿ ಸ್ಕೂಟರ್ ನಿಲ್ಲಿಸುತ್ತಾರೆ, ಹುಡುಗರು ಕ್ರಿಕೆಟ್ ಆಡುತ್ತಾರೆ. ನಮ್ಮ ಮೇಲೆ ಒಂದು ಬಾಲ್ ಕೂಡ ಬಂತು.

ಸಂಜೆಗೆ ಚಾಮುಂಡಿ ಬೆಟ್ಟ. ಸಾವಿರ ಚಿಲ್ಲರೆ ಮೆಟ್ಟಿಲು ಹತ್ತುವ ಶಕ್ತಿ ಇಬ್ಬರಿಗೂ ಉಳಿದಿರಲಿಲ್ಲ. ಸಿಟಿ ಬಸ್ ಸ್ಟ್ಯಾಂಡಿನಿಂದ ನೇರ ಬಸ್ಸಿದೆ. ಆಧಾರ್ ತೋರಿಸಿದೆ, ನನಗೆ ಜೀರೋ ಟಿಕೆಟ್. ಇವರು ಕಾಸು ಕೊಟ್ಟರು. ದಾರಿಯುದ್ದಕ್ಕೂ ಅದರ ಬಗ್ಗೆ ಗೊಣಗಿದ್ದನ್ನು ಎಡಿಟ್ ಮಾಡಿ ತೆಗೆದಿದ್ದೇನೆ. ಅಮ್ಮನವರ ದರ್ಶನಕ್ಕೆ ಕ್ಯೂ ಇತ್ತು, ಬೇಗ ಸಾಗಿತು. ಆಮೇಲೆ ಊರು ಕಾಣುವ ಕಡೆ ಹೋಗಿ ನಿಂತೆವು.

ಬೆಳಗಿಂದ ಕಾಲಲ್ಲಿ ನಡೆದಿದ್ದೆಲ್ಲ ಮೇಲಿಂದ ಒಮ್ಮೆಗೇ ಕಂಡಿತು. ಅರಮನೆ ನಡುವೆ. ಒಂದು ಕಡೆ ಬೆಳ್ಳಗೆ ಲಲಿತಮಹಲ್. ದೂರದಲ್ಲಿ ಸಂತ ಫಿಲೋಮಿನಾ ಚರ್ಚಿನ ಜೋಡಿ ಗೋಪುರ, 175 ಅಡಿಯವು. ಬುಡದಲ್ಲೇ ಕುದುರೆ ರೇಸಿನ ಮೈದಾನ, ಹತ್ತಿರದಲ್ಲಿ ಕಾರಂಜಿ ಕೆರೆ. ನಡುವೆ ಎಲ್ಲಾ ಮರ. ಊರಿನ ಅಂಚಿಗೆ ಬರ್ತಾ ಬರ್ತಾ ಮರ ಕಡಿಮೆಯಾಗಿ ಬರೀ ಸಿಮೆಂಟು. ಹಳೇ ಊರು ಎಲ್ಲಿ ಮುಗಿಯಿತು, ನಮ್ಮ ಕಾಲದ ಲೇಔಟು ಎಲ್ಲಿ ಶುರುವಾಯಿತು ಅಂತ ಯಾರೂ ಗೆರೆ ಎಳೆದು ತೋರಿಸಬೇಕಿಲ್ಲ. ಇವರು ಮಾತಾಡಲಿಲ್ಲ. ಏನ್ರೀ ಅಂದೆ. "ಪಾರ್ಕಿಗೆ ಬಿಡು ಅಂದ್ರೆ ಓನರ್‌ಗಳು ನನ್ನ ಜೊತೆ ಜಗಳಕ್ಕೆ ಬರ್ತಾರೆ ಕಣೆ. ಇವತ್ತಿನ ವಿಡಿಯೋ ಅವ್ರಿಗೆಲ್ಲ ಕಳಿಸ್ತೀನಿ" ಅಂದರು. ಓನರ್‌ಗಳೇ, ನಮಸ್ಕಾರ.

ಏಳಕ್ಕೆ ಮುಂಚೆ ಅರಮನೆ ಮುಂದೆ ಬಂದೆವು. ಭಾನುವಾರ ಸಂಜೆ ದೀಪ ನೋಡೋಕೆ ದುಡ್ಡಿಲ್ಲ, ಅದಕ್ಕೇ ಜಾತ್ರೆ. ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು. ಒಂದೇ ಸಲಕ್ಕೆ ಹತ್ತಿಕೊಂಡಾಗ ಇಡೀ ಮೈದಾನ "ಓ" ಅಂತು. ಬೆಳಗ್ಗೆ ಕಲ್ಲು, ಕಬ್ಬಿಣ ಅಂತ ಲೆಕ್ಕ ಹಾಕಿದ್ದ ನಮ್ಮನೆಯವರೂ "ಓ" ಅಂದರು, ಆಡಿಯೋದಲ್ಲಿ ಇದೆ.

ಮಂಡ್ಯದವಳಾಗಿ ಒಂದು ಮಾತು ಹೇಳಲೇಬೇಕು. ಈ ಸೀಮೆಗೆ ಮೊದಲು ಕರೆಂಟು ಬಂದಿದ್ದು ನಮ್ಮ ಮಳವಳ್ಳಿ ತಾಲೂಕಿನ ಶಿವನಸಮುದ್ರದಿಂದ. 1902ರಲ್ಲಿ ಅಲ್ಲಿ ಕಾವೇರಿ ನೀರಿನಿಂದ ಕರೆಂಟು ತೆಗೆದು ಮೊದಲು ಕೊಟ್ಟಿದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರು, ಮೈಸೂರು ಎಲ್ಲಾ ಆಮೇಲೆ. ಹಿಂದೆ ನಿಂತಿದ್ದ ಮೈಸೂರಿನ ಅಜ್ಜರೊಬ್ಬರಿಗೆ ನಮ್ಮೆಜಮಾನ್ರು ಇದನ್ನು ಹೇಳಿದರು. ಅವರು "ಹಂಗಾದ್ರೆ ಬಿಲ್ ನಿಮ್ಮೂರಿಗೇ ಕಳಿಸ್ತೀವಿ" ಅಂದರು.

ಮೈಸೂರ್ ಪಾಕ್ ತಗೊಂಡು ರೈಲು ಹತ್ತಿದೆವು, ಮಂಡ್ಯದವರೆಗೂ ನಿಂತೇ ಬಂದೆವು. ಮೃಗಾಲಯ ಬಿಟ್ಟುಹೋಯಿತು, ಜಗನ್ಮೋಹನ ಅರಮನೆಯ ಚಿತ್ರಗಳೂ ಬಿಟ್ಟುಹೋದವು. ಅವು ಬೇಕು ಅನ್ನೋರು ಕಾಮೆಂಟಲ್ಲಿ ಬೈಯಬಹುದು. ಮುಂದಿನ ವಿಡಿಯೋ ಶಿವನಸಮುದ್ರ ಅಂತ ರೈಲಿನಲ್ಲೇ ತೀರ್ಮಾನ ಆಗಿದೆ. ಮಳೆ ಹಿಡಿದು ಗಗನಚುಕ್ಕಿ ತುಂಬಿ ಬೀಳಲಿ, ಆಗ ಬರ್ತೀವಿ. ಟೇಪ್ ಮನೆಯಲ್ಲೇ ಬಿಟ್ಟು ಬನ್ನಿ ಅಂತ ಈಗಲೇ ಹೇಳಿದ್ದೇನೆ.