ನೀರು ಯಾವಾಗ ಬರುತ್ತದೆ?

ಕೇಳುಗರಿಗೆಲ್ಲ ನಮಸ್ಕಾರ. ಬೋಟಿನೊಳಗೆ ನೀರು ಸೋರಿದರೆ ಕಾರಣ ಹುಡುಕುವುದು ಹೇಗೆ, ಇವತ್ತು ಅದನ್ನು ಹೇಳುತ್ತೇನೆ.

ದಾವಣಗೆರೆಯ ಹಳೇ ಪಿ.ಬಿ. ರಸ್ತೆ ಬದಿಯಲ್ಲಿ ನನ್ನದೊಂದು ಗ್ಯಾರೇಜು. ಟ್ರ್ಯಾಕ್ಟರ್ ಗೇರ್‌ಬಾಕ್ಸು, ಬೋರ್‌ವೆಲ್ ಮೋಟಾರು, ಇವೇ ನನಗೆ ಅನ್ನ. ಬೋಟಿನ ವಿಷಯ ಹೇಳಲು ಇವನ್ಯಾರು ಅಂತ ನಿಮಗೆ ಅನಿಸಬಹುದು. ಹುಡುಗನಾಗಿದ್ದಾಗ ಆರು ವರ್ಷ ಕರಾವಳಿಯ ಒಂದು ಬೋಟ್ ಯಾರ್ಡಿನಲ್ಲಿ ಕೈ ಕಪ್ಪು ಮಾಡಿಕೊಂಡಿದ್ದೆ. ಊರಿಗೆ ಬಂದ ಮೇಲೆ ಆ ವಿದ್ಯೆ ಸುಮ್ನೆ ಬಿದ್ದಿತ್ತು. ಬಯಲುಸೀಮೆಗೆ ಬೋಟ್ ಎಲ್ಲಿಂದ ಬರಬೇಕು?

ಬಂತು. 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತು. 1933 ಆದ ಮೇಲೆ ಅದೇ ಮೊದಲು. ಅಣೆಕಟ್ಟು ಇರುವ ಮಾರಿಕಣಿವೆಯಲ್ಲಿ ಜಾತ್ರೆಯಂತೆ ಜನ. ಆ ನೀರು ನೋಡಿ ಹಿರಿಯೂರು ಕಡೆಯ ಯಜಮಾನರೊಬ್ಬರಿಗೆ ಬೋಟಿನ ಆಸೆ ಹುಟ್ಟಿತು. ಗೋವಾ ಕಡೆಯಿಂದ ಒಂದು ಹಳೇ ಸ್ಪೀಡ್ ಬೋಟನ್ನು ಟ್ರೇಲರ್ ಸಮೇತ ತಂದರು. ಪರವಾನಗಿ, ಕಾಗದಪತ್ರ ಎಲ್ಲ ಅವರ ಪಾಲು, ನನ್ನದು ಸ್ಪ್ಯಾನರ್ ಪಾಲು. ನೀರಿಗೆ ಇಳಿಸಿ ಎರಡು ಗಂಟೆಯಾದರೆ ಸಾಕು, ಬೋಟಿನೊಳಗೆ ಪಾದ ಮುಳುಗುವಷ್ಟು ನೀರು. ನನಗೆ ಫೋನ್ ಬಂತು.

ಹೋಗಿ ನೋಡಿದರೆ ಸ್ಟರ್ನ್‌ಡ್ರೈವ್ ಬೋಟು. ಇದೇನು ಅಂತ ಸ್ವಲ್ಪ ಹೇಳುತ್ತೇನೆ. ನಮ್ಮ ಕಡೆ ಮೋಟಾರ್ ದೋಣಿ ಅಂದರೆ ಇಂಜಿನ್ ಹಿಂದುಗಡೆ ಹೊರಗೇ ನೇತಾಡುತ್ತಿರುತ್ತದೆ. ಅದಕ್ಕೆ ದೋಣಿಯ ಮೈ ಕೊರೆಯಬೇಕಾಗಿಲ್ಲ. ಸ್ಟರ್ನ್‌ಡ್ರೈವ್‌ನಲ್ಲಿ ಇಂಜಿನ್ ಒಳಗೆ, ಗೇರು ಮತ್ತು ಬೋಟನ್ನು ತಳ್ಳುವ ಪಂಕ, ಅಂದರೆ ಪ್ರೊಪೆಲ್ಲರ್, ಹೊರಗೆ. ವೋಲ್ವೋ ಪೆಂಟಾದವರು 1959ರಲ್ಲಿ ಮಾರುಕಟ್ಟೆಗೆ ತಂದ ಏರ್ಪಾಟು. ಒಳಗಿನಿಂದ ಹೊರಗೆ ಶಾಫ್ಟ್ ದಾಟಬೇಕಲ್ಲ, ಅದಕ್ಕೆ ಬೋಟಿನ ಹಿಂಗೋಡೆಯಲ್ಲಿ ದೊಡ್ಡ ಕಿಂಡಿ ಕೊರೆದಿರುತ್ತಾರೆ. ಶಾಫ್ಟ್ ದಾಟುವ ಜಾಗ ನೀರಿನ ಮಟ್ಟಕ್ಕಿಂತ ಕೆಳಗೇ ಇರುತ್ತದೆ. ಹೊರಗಿನ ಭಾಗಕ್ಕೆ ಡ್ರೈವ್ ಅಂತಾರೆ, ಅದು ಎಡಕ್ಕೆ ಬಲಕ್ಕೆ ತಿರುಗಬೇಕು, ಮೇಲಕ್ಕೆ ಏಳಬೇಕು. ಹಾಗಾಗಿ ಗಟ್ಟಿ ಪೈಪು ಹಾಕುವಂತಿಲ್ಲ. ಮಡಿಕೆ ಮಡಿಕೆಯಾದ ಒಂದು ರಬ್ಬರ್ ಕೊಳವೆ ಹಾಕುತ್ತಾರೆ. ಅದಕ್ಕೆ ಬೆಲ್ಲೋಸ್ ಅಂತ ಹೆಸರು, ಅಂದರೆ ನಮ್ಮ ಕಮ್ಮಾರನ ತಿದಿ. ಕಾರಿನ ಮುಂದಿನ ಚಕ್ರದ ಹತ್ತಿರ ಆಕ್ಸಲ್ ಬೂಟ್ ನೋಡಿದ್ದೀರಲ್ವಾ, ಅದರ ದೊಡ್ಡಣ್ಣ. ಆಕ್ಸಲ್ ಬೂಟ್ ಹರಿದರೆ ಗ್ರೀಸ್ ಚೆಲ್ಲುತ್ತದೆ. ಇದು ಹರಿದರೆ ಕೆರೆಯೇ ಒಳಗೆ ಬರುತ್ತದೆ.

ಡ್ರೈವನ್ನು ಮೇಲೆತ್ತಿ, ಪೂರ್ತಿ ಒಂದು ಕಡೆ ತಿರುಗಿಸಿ ಟಾರ್ಚ್ ಬಿಟ್ಟೆ. ಬೆಲ್ಲೋಸಿನ ಮಡಿಕೆಗಳ ಒಳಗೆ, ಬೇಸಿಗೆಯ ಕೆರೆ ಅಂಗಳದ ಹಾಗೆ ಬಿರುಕು. ಸಿಕ್ಕಿತು ಕಳ್ಳ ಅಂದುಕೊಂಡೆ. ಡ್ರೈವ್ ಬಿಚ್ಚಿ, ಹೊಸ ಬೆಲ್ಲೋಸ್ ತರಿಸಿ ಹಾಕಿದೆ. ಒಳಗೆ ಶಾಫ್ಟನ್ನು ಹಿಡಿದಿರುವ ಗಿಂಬಲ್ ಬೇರಿಂಗೂ ತುಕ್ಕು ಹಿಡಿದಿತ್ತು, ಅದನ್ನೂ ಬದಲಿಸಿದೆ. ಬೆಲ್ಲೋಸ್ ಹರಿದಾಗ ನೀರು ಮೊದಲು ತುಂಬುವುದು ಅದರ ಹೊಟ್ಟೆಗೇ. ಅಲ್ಲಿ ಬೇರಿಂಗ್ ನೆನೆದು ಹಾಳಾಗುತ್ತದೆ. ಬೋಟ್ ತಿರುಗಿಸುವಾಗ ಹಿಂದಿನಿಂದ ಗುರ್ ಅಂತ ಸದ್ದು ಬಂದರೆ ಮೊದಲು ಇದನ್ನೇ ನೋಡಬೇಕು.

ಎರಡು ದಿನದ ಕೆಲಸ, ಕೈ ತುಂಬ ಖರ್ಚು. ನೀರಿಗೆ ಇಳಿಸಿದೆವು. ಮತ್ತೆ ನೀರು. ಯಜಮಾನರು ಬಗ್ಗಿ ನೋಡಿ, "ಏನ್ರೀ ಮೇಸ್ತ್ರಿ, ರಬ್ಬರು ಹೊಸದು, ನೀರು ಹಳೇದೇ ಅಲ್ವಾ?" ಅಂದರು. ಬೈದಿದ್ದರೆ ಎಷ್ಟೋ ಮೇಲಿತ್ತು.

ನಾನು ಮಾಡಿದ ತಪ್ಪು ಇಷ್ಟೇ. ಎಲ್ಲಿಂದ ಬರುತ್ತದೆ ಅಂತ ಹುಡುಕುತ್ತಾ ಹೋದೆ. ಯಾವಾಗ ಬರುತ್ತದೆ ಅಂತ ಕೇಳಲೇ ಇಲ್ಲ. ಇಂಜಿನ್ ಬಂದ್ ಮಾಡಿ ಕಟ್ಟಿ ಹಾಕಿದಾಗಲೂ ನೀರು ಬರುತ್ತದೆಯೇ? ಹಾಗಿದ್ದರೆ ನೀರಿನ ಕೆಳಗಿರುವ ರಬ್ಬರು, ಗ್ಯಾಸ್ಕೆಟ್, ತಳದ ಬಿರಡೆ ಇವುಗಳ ಮೇಲೆ ಅನುಮಾನ. ಇಂಜಿನ್ ಓಡುವಾಗ ಮಾತ್ರ ಬರುತ್ತದೆಯೇ? ಆಗ ತಂಪು ಮಾಡುವ ನೀರಿನ ಪಂಪು, ಅದರ ಹೋಸು, ಎಕ್ಸಾಸ್ಟ್ ಕಡೆ ಹೋಗಬೇಕು. ಈ ಇಂಜಿನ್ನುಗಳು ಕೆರೆಯ ನೀರನ್ನೇ ಎಳೆದುಕೊಂಡು ತಂಪಾಗುತ್ತವೆ, ಒಂದು ಕ್ಲಿಪ್ ಸಡಿಲವಾದರೆ ಬೋಟು ತನ್ನೊಳಗೆ ತಾನೇ ನೀರು ತುಂಬಿಕೊಳ್ಳುತ್ತದೆ.

ದಡದ ಮೇಲೆಯೂ ಪರೀಕ್ಷೆ ಮಾಡಬಹುದು. ಹೆಡ್‌ಫೋನ್ ತರದ ಎರಡು ರಬ್ಬರ್ ಬಟ್ಟಲು ಸಿಗುತ್ತವೆ. ಅವನ್ನು ಡ್ರೈವಿನ ನೀರು ಎಳೆಯುವ ಕಿಂಡಿಗಳಿಗೆ ಕಚ್ಚಿಸಿ, ನಲ್ಲಿ ಪೈಪು ಜೋಡಿಸಿ, ನೀರು ಬಿಟ್ಟು ಆಮೇಲೆ ಇಂಜಿನ್ ಚಾಲು ಮಾಡಬೇಕು. ನೀರಿಲ್ಲದೆ ಅರೆ ನಿಮಿಷ ಓಡಿಸಿದರೂ ಪಂಪಿನ ರಬ್ಬರ್ ರೆಕ್ಕೆ ಸುಟ್ಟುಹೋಗಬಹುದು. ಹೀಗೆ ಓಡಿಸಿದಾಗಲೇ ಒಳಗೆ ಸೋರಿದರೆ ದೊಡ್ಡ ಬೆಲ್ಲೋಸಿನ ತಪ್ಪಿಲ್ಲ, ಅದರ ಸುತ್ತ ಆಗ ಕೆರೆಯೇ ಇಲ್ಲವಲ್ಲ.

ನಮ್ಮದು ಕಟ್ಟಿ ಹಾಕಿದಾಗಲೂ ಬರುವ ನೀರು. ಬೋಟಿನ ತಳವನ್ನು ಹಳೇ ಪಂಚೆಯಿಂದ ಪೂರ್ತಿ ಒರೆಸಿದೆ. ಹಿಂಗೋಡೆಯ ಒಳಮೈಗೆ ಮಕ್ಕಳ ಪೌಡರ್ ಉದುರಿಸಿ, ಟಾರ್ಚ್ ಹಿಡಿದು ಅಂಗಾತ ಮಲಗಿದೆ. ಇಪ್ಪತ್ತು ನಿಮಿಷ ಏನೂ ಇಲ್ಲ. ಆಮೇಲೆ ಬಿಳಿ ಪುಡಿಯ ಮೇಲೆ ದಾರದಷ್ಟು ಸಣ್ಣ ಗೆರೆ. ಗೆರೆಯ ತುದಿ ಗೇರ್ ಕೇಬಲ್ ಒಳಗೆ ಬರುವ ಜಾಗದಲ್ಲಿತ್ತು. ಆ ಕೇಬಲ್ಲಿಗೂ ಹೊರಗೊಂದು ಬೆಲ್ಲೋಸ್ ಇದೆ, ಬೆರಳು ದಪ್ಪದ್ದು. ದೊಡ್ಡದರ ನೆರಳಿನಲ್ಲಿ ಅಡಗಿರುತ್ತದೆ. ಅದರ ಬಾಯಿಯ ಹತ್ತಿರ ಉಗುರಿನಷ್ಟು ಸೀಳು. ಬೆಲೆ ನೋಡಿದರೆ ದೊಡ್ಡದರ ಮುಂದೆ ಏನೂ ಅಲ್ಲ, ಆದರೆ ಹಾಕಲು ಡ್ರೈವನ್ನು ಮತ್ತೆ ಬಿಚ್ಚಬೇಕು. ಮೊದಲ ಸಲವೇ ಎರಡನ್ನೂ ಬದಲಿಸಿದ್ದರೆ? ಆ ಕೂಲಿ ನಾನು ಕೇಳಲಿಲ್ಲ ಬಿಡಿ.

ಇನ್ನೊಂದು ಸೋರಿಕೆ ಇದೆ, ಅದರಿಂದ ಬೋಟ್ ಮುಳುಗುವುದಿಲ್ಲ, ಜೇಬು ಮುಳುಗುತ್ತದೆ. ನೀರು ಗೇರ್ ಆಯಿಲ್ಲಿಗೆ ಸೇರುವುದು. ಆಯಿಲ್ ಇಳಿಸಿದಾಗ ಹಾಲು ಜಾಸ್ತಿ ಹಾಕಿದ ಟೀ ತರ ಕಂಡರೆ ನೀರು ಸೇರಿದೆ ಅಂತಲೇ ಅರ್ಥ. ಟ್ರ್ಯಾಕ್ಟರ್ ಇಟ್ಟವರಿಗೆ ಈ ಬಣ್ಣ ಗೊತ್ತು. ನಮ್ಮ ಬೋಟಿನಲ್ಲಿ ಇದೂ ಇತ್ತು. ಪಂಕ ಬಿಚ್ಚಿದರೆ ಹಿಂದೆ ಶಾಫ್ಟಿಗೆ ಗಾಳದ ನೈಲಾನ್ ದಾರ ಸುತ್ತಿ ಸುತ್ತಿ ಆಯಿಲ್ ಸೀಲನ್ನು ಕೊಯ್ದಿತ್ತು. ಮೀನುಗಾರರು ಇರುವ ನೀರಿನಲ್ಲಿ ಓಡಿಸುವವರು ಆಗಾಗ ಪಂಕ ಬಿಚ್ಚಿ ನೋಡಲೇಬೇಕು.

ಸೀಲ್ ಹಾಕಿದ ಮೇಲೆ ಆಯಿಲ್ ತುಂಬುವ ಮೊದಲು ಡ್ರೈವಿನ ಗೇರ್‌ಬಾಕ್ಸಿಗೆ ಗಾಳಿ ಹಾಕಿ ನೋಡಬೇಕು. ಗೇಜ್ ಇರುವ ಕೈಪಂಪಿನಲ್ಲಿ 10ರಿಂದ 15 ಪಿಎಸ್‌ಐ ಸಾಕು. ಜಾಸ್ತಿ ಹಾಕಿದರೆ ಒಳ್ಳೆಯ ಸೀಲೂ ಜರುಗುತ್ತದೆ. ಶಾಫ್ಟನ್ನು ಕೈಯಲ್ಲಿ ತಿರುಗಿಸುತ್ತಾ ಮುಳ್ಳು ನೋಡುತ್ತಿರಿ. ಇಳಿದರೆ ಸೋಪಿನ ನೀರು ಹಚ್ಚಿ, ಗುಳ್ಳೆ ಎಲ್ಲಿ ಏಳುತ್ತದೋ ಅಲ್ಲೇ ತೂತು. ಸೈಕಲ್ ಪಂಕ್ಚರ್ ವಿದ್ಯೆಯೇ. ಆಯಿಲನ್ನು ಕೆಳಗಿನ ತೂತಿನಿಂದ ಪಂಪ್ ಮಾಡಿ, ಮೇಲಿನ ತೂತಿನಲ್ಲಿ ಉಕ್ಕುವ ತನಕ ತುಂಬಬೇಕು. ಮೇಲಿನಿಂದ ಸುರಿದರೆ ಒಳಗೆ ಗಾಳಿ ಕೂರುತ್ತದೆ. ಬೋಲ್ಟಿನ ವಾಷರ್ ಹೊಸದೇ ಇರಲಿ, ಹತ್ತು ರೂಪಾಯಿ ಉಳಿಸಲು ಹೋಗಬೇಡಿ.

ಸಮುದ್ರದಿಂದ ಬಂದ ಬೋಟ್ ಕೊಳ್ಳುವವರಿಗೆ ಇನ್ನೊಂದು ಮಾತು. ಡ್ರೈವಿನ ಮೈಗೆ ಲೋಹದ ಗಟ್ಟಿಗಳನ್ನು ಬಿಗಿದಿರುತ್ತಾರೆ. ತುಕ್ಕು ಆ ಗಟ್ಟಿಯನ್ನು ತಿಂದು ಡ್ರೈವನ್ನು ಬಿಡಲಿ ಅಂತ. ಉಪ್ಪುನೀರಿಗೆ ಸತು ಸರಿ. ಸಿಹಿನೀರಿನಲ್ಲಿ ಸತುವಿನ ಮೇಲೆ ಗಟ್ಟಿ ಪದರ ಕಟ್ಟಿ ಅದು ಕೆಲಸ ನಿಲ್ಲಿಸುತ್ತದೆ. ನಮ್ಮ ಕೆರೆಗಳಿಗೆ ಮೆಗ್ನೀಸಿಯಂ ಅಥವಾ ಅಲ್ಯೂಮಿನಿಯಂ ಗಟ್ಟಿ ಬೇಕು. ಇಲ್ಲದಿದ್ದರೆ ಬೆಲ್ಲೋಸ್ ಕೂರುವ ಅಂಚೇ ಗುಳಿ ಬಿದ್ದು, ಹೊಸ ರಬ್ಬರಿಗೂ ಹಿಡಿತ ಸಿಗುವುದಿಲ್ಲ.

ಬೋಟ್ ನಿಲ್ಲಿಸುವಾಗ ಡ್ರೈವನ್ನು ಕೆಳಗಿಳಿಸಿಯೇ ಬಿಡಿ. ಮೇಲೆತ್ತಿ ತಿಂಗಳುಗಟ್ಟಲೆ ಬಿಟ್ಟರೆ ಬೆಲ್ಲೋಸ್ ಎಳೆದ ರೂಪದಲ್ಲೇ ಜಡ್ಡಾಗಿ ಮಡಿಕೆಯಲ್ಲಿ ಒಡೆಯುತ್ತದೆ. ದುರ್ಗದ ಬಿಸಿಲಿಗಂತೂ ಮೇಲೊಂದು ತಾಡಪಾಲು ಬೇಕೇ ಬೇಕು. ವರ್ಷಕ್ಕೊಮ್ಮೆ ಟಾರ್ಚ್ ಬಿಟ್ಟು ನೋಡಿ. ನೀರು ಹೊರಹಾಕುವ ಪಂಪು ಪದೇ ಪದೇ ತಾನಾಗಿ ಓಡುತ್ತಿದ್ದರೆ, ಪಂಪು ಚೆನ್ನಾಗಿದೆ ಅಂತ ಖುಷಿಪಡಬೇಡಿ.

ಎಲ್ಲ ಮುಗಿದು ಮೂರನೇ ಸಲ ಬೋಟ್ ಇಳಿಸಿದೆವು. ಐದೇ ನಿಮಿಷ, ಹಿಂದುಗಡೆಯಿಂದ ಗಳಗಳ ನೀರು. ನನ್ನ ಎದೆ ಧಸಕ್ಕೆಂದಿತು. ಬೆಲ್ಲೋಸ್, ಕೇಬಲ್, ಸೀಲು, ಎಲ್ಲ ಕಣ್ಣ ಮುಂದೆ ಬಂದವು. ಅಷ್ಟರಲ್ಲಿ ಯಜಮಾನರು ಅಂಗಿ ಜೇಬು ಮುಟ್ಟಿಕೊಂಡು, "ಮೇಸ್ತ್ರಿ, ಇದನ್ನ ಎಲ್ಲಿ ಹಾಕಬೇಕು?" ಅಂತ ಒಂದು ಹಿತ್ತಾಳೆ ಬಿರಡೆ ತೆಗೆದು ತೋರಿಸಿದರು. ಡ್ರೈವ್ ಬಿಚ್ಚಲು ಬೋಟನ್ನು ದಡಕ್ಕೆ ತಂದಾಗ ಒಳಗಿನ ನೀರು ಇಳಿಯಲಿ ಅಂತ ನಾನೇ ತಳದಿಂದ ಬಿಚ್ಚಿ ಅವರ ಕೈಗೆ ಕೊಟ್ಟಿದ್ದೆ.

ನಮಸ್ಕಾರ.