ಎಲೆಯ ಮೇಣ, ಕಡಲಿನ ಕೆಸರು

ಕೇಳುಗರಿಗೆ ನಮಸ್ಕಾರ.

ಕೆಸುವಿನ ಎಲೆ ಮೇಲೆ ಮಳೆನೀರು ನಿಲ್ಲುವುದಿಲ್ಲ, ಅಲ್ವಾ? ಎಲೆಯ ಮೈಮೇಲೆ ತೆಳ್ಳಗೆ ಮೇಣ ಇರುತ್ತದೆ. ಹೆಚ್ಚುಕಮ್ಮಿ ಎಲ್ಲ ಗಿಡಮರಗಳ ಎಲೆಗೂ ಅದು ಉಂಟು. ಘಟ್ಟದ ಕಾಡಿನಲ್ಲಿ ಉದುರಿದ ಎಲೆಯ ಚೂರನ್ನು ಕಾಳಿ, ಗಂಗಾವಳಿ, ನೇತ್ರಾವತಿ ನದಿಗಳು ಮಣ್ಣಿನ ಜೊತೆ ಅರಬ್ಬಿ ಸಮುದ್ರಕ್ಕೆ ಒಯ್ಯುತ್ತವೆ.

ತಳ ಸೇರಿದ ಮೇಲೆ ಬ್ಯಾಕ್ಟೀರಿಯಾ ಕೆಲಸ ಶುರು ಮಾಡುತ್ತವೆ. ಸಕ್ಕರೆ, ಪ್ರೋಟೀನು ಬೇಗ ಖಾಲಿಯಾಗುತ್ತವೆ. ಉಸಿರಾಟಕ್ಕೆ ಮೊದಲು ಆಮ್ಲಜನಕ. ಅದು ಮುಗಿದರೆ ನೈಟ್ರೇಟ್, ಕಬ್ಬಿಣದ ತುಕ್ಕು, ಆಮೇಲೆ ಸಮುದ್ರದ ನೀರಿನ ಸಲ್ಫೇಟ್. ಅಳಿವೆಯ ಕಾಂಡ್ಲಾ ಗಿಡಗಳ ಬುಡದಲ್ಲಿ ಕೆಸರಿಗೆ ಕಾಲಿಟ್ಟರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದಲ್ಲ, ಅದು ಸಲ್ಫೇಟಿನಿಂದ ಹುಟ್ಟಿದ ಹೈಡ್ರೋಜನ್ ಸಲ್ಫೈಡ್. ಅದೇ ಕಬ್ಬಿಣದ ಜೊತೆ ಕೂಡಿ ಕೆಸರನ್ನು ಕಪ್ಪಾಗಿಸುತ್ತದೆ. ಗಲೀಜು ಅಂತ ಸುಮ್ನೆ ಬೈಯುತ್ತೇವೆ.

ಮೇಣ ಮಾತ್ರ ಅಷ್ಟು ಸುಲಭಕ್ಕೆ ಕರಗುವ ಗಿರಾಕಿ ಅಲ್ಲ. ಅದರಲ್ಲಿ ಬರೀ ಇಂಗಾಲ, ಹೈಡ್ರೋಜನ್‌ಗಳ ಉದ್ದ ಸರಪಣಿಗಳಿವೆ. ಎಣಿಸಿ ನೋಡಿದರೆ 27, 29, 31 ಇಂಗಾಲದವೇ ಜಾಸ್ತಿ. ಎಲ್ಲ ಬೆಸ ಸಂಖ್ಯೆ! ಗಿಡ ಎರಡೆರಡು ಇಂಗಾಲ ಜೋಡಿಸಿ ಕೊಬ್ಬಿನಾಮ್ಲ ಕಟ್ಟುತ್ತದೆ, ಕೊನೆಗೆ ಒಂದನ್ನು ಕಳಚುತ್ತದೆ. 30ರಲ್ಲಿ ಒಂದು ಹೋದರೆ 29. ಕಚ್ಚಾ ತೈಲದಲ್ಲಿ ಸಾಮಾನ್ಯವಾಗಿ ಬೆಸ, ಸಮ ಎರಡೂ ಸರಿಸುಮಾರು ಒಂದೇ ಪ್ರಮಾಣ. ಹಾಗಾಗಿ ಕೆಸರಿನ ಜಿಡ್ಡು ಕಾಡಿನದೋ ಹಡಗಿನದೋ ಅಂತ ಈ ಲೆಕ್ಕವೇ ಸುಳಿವು ಕೊಡುತ್ತದೆ. ಮಾದರಿಯನ್ನು ಬರಿಗೈಯಲ್ಲಿ ಮಾತ್ರ ಮುಟ್ಟಬಾರದು. ನಮ್ಮ ಚರ್ಮದ ಜಿಡ್ಡೂ ಯಂತ್ರದಲ್ಲಿ ಕಾಣಿಸುತ್ತದೆ.

ಇನ್ನೊಂದು ಸಂಗತಿ. ಜೋಳ, ರಾಗಿ, ಕಬ್ಬಿನಂಥ ಹುಲ್ಲಿನ ಜಾತಿಯ ಮೇಣದಲ್ಲಿ ಭಾರದ ಇಂಗಾಲ, ಅಂದರೆ ಇಂಗಾಲ-13, ಕಾಡಿನ ಮರದ ಮೇಣಕ್ಕಿಂತ ಹೆಚ್ಚು. ಕೆಸರನ್ನು ಪದರ ಪದರವಾಗಿ ಅಳೆದರೆ ಯಾವ ಕಾಲದಲ್ಲಿ ದಂಡೆಯ ಕಡೆ ಮರ ಹೆಚ್ಚಿತ್ತು, ಯಾವಾಗ ಹುಲ್ಲು ಹಬ್ಬಿತ್ತು ಅಂತ ಅಂದಾಜು ಸಿಗುತ್ತದೆ.

ಅರಬ್ಬಿ ಸಮುದ್ರದಲ್ಲಿ ಸುಮಾರು 150ರಿಂದ 1,000 ಮೀಟರ್ ಆಳದವರೆಗೆ ಆಮ್ಲಜನಕ ತೀರಾ ಕಡಿಮೆ. ಆ ಮಟ್ಟದ ಇಳಿಜಾರಿನಲ್ಲಿ ಜೈವಿಕ ಇಂಗಾಲ ಚೆನ್ನಾಗಿ ಉಳಿದಿದೆ. ಆಮ್ಲಜನಕದ ಕೊರತೆ ಅದನ್ನು ಕಾಪಾಡಿತೋ, ಮುಂಗಾರಿನಲ್ಲಿ ಮೇಲೆ ಬೆಳೆಯುವ ಪಾಚಿಯೇ ಅಷ್ಟೊಂದು ಕೆಳಗೆ ಸುರಿಯಿತೋ ಅನ್ನುವುದು ತಜ್ಞರ ಹಳೇ ಜಗಳ. ನನ್ನನ್ನು ಕೇಳಿದರೆ ಎರಡರದೂ ಪಾಲಿದೆ. ಮೇಣದ ಮಟ್ಟಿಗೆ ಹೇಳುವುದಾದರೆ ಮೊದಲನೆಯದೇ ಮುಖ್ಯ, ಯಾಕೆಂದರೆ ಅದು ಪಾಚಿಯದಲ್ಲ, ನೆಲದಿಂದ ಬಂದದ್ದು.